ಒಳಗಿವಿಯ ಹಳೆಯ ಬಾಗಿಲು

ನುಡಿಜ್ವರ ಬಂದು ಹೋದ ಮೇಲೆ ಬದುಕಿ ಉಳಿದವರಿಗೆ ಕಿವಿ ಕೇಳುತ್ತಿತ್ತು, ಕಣ್ಣು ಕಾಣುತ್ತಿತ್ತು. ಮಾತು ಮಾತ್ರ ತಿಳಿಯುತ್ತಿರಲಿಲ್ಲ. ಹೆಂಡತಿ ಊಟಕ್ಕೆ ಕರೆದರೆ ಅದು ಅಡುಗೆಮನೆಯಲ್ಲಿ ಪಾತ್ರೆ ಉರುಳಿದ ಸದ್ದಿನಂತೆ ಬಂದು ಹೋಗುತ್ತಿತ್ತು. ಬಸ್ಸಿನ ಬೋರ್ಡು, ಔಷಧದ ಚೀಟಿ, ಮದುವೆಯ ಕರೆಯೋಲೆ ಎಲ್ಲವೂ ಇರುವೆಯ ಸಾಲು. ಮಿದುಳಿನಲ್ಲಿ ಶಬ್ದಕ್ಕೆ ಅರ್ಥ ಹಚ್ಚುವ ಜಾಗವೊಂದನ್ನೇ ಆ ಜ್ವರ ಸುಟ್ಟು ಹೋಗಿತ್ತು. ಬಾಯಿಯೇನೋ ಆಡುತ್ತಿತ್ತು. ಆದರೆ ತಾವು ಆಡಿದ್ದು ತಮಗೇ ತಿಳಿಯದ ಮೇಲೆ ಅದೂ ದಿಕ್ಕು ತಪ್ಪಿ, ಕೆಲವು ತಿಂಗಳಲ್ಲಿ ನೀರು ಬೇಕಾದಾಗ ಚಾವಿ ಕೇಳುವ ಸ್ಥಿತಿಗೆ ಬರುತ್ತಿದ್ದರು.

ಅಂಥವರಿಗಾಗಿ ಬಂದದ್ದು ಒಳಗಿವಿ. ಕಿವಿಯ ಹಿಂದಿನ ಎಲುಬಿನಲ್ಲಿ ಕೂರಿಸುವ, ಹುಣಸೆ ಬೀಜದಷ್ಟು ಸಾಧನ. ಅದು ಕೇಳಿದ ಸದ್ದನ್ನು ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿದ್ದ ನುಡಿ ಕೇಂದ್ರಕ್ಕೆ ಕಳಿಸುತ್ತಿತ್ತು. ಅಲ್ಲಿನ ಯಂತ್ರಗಳು ಅರ್ಥ ಹುಡುಕಿ, ಮಿದುಳಿನ ಬೇರೊಂದು ಭಾಗಕ್ಕೆ ಒಪ್ಪುವ ಮಿಡಿತಗಳನ್ನಾಗಿ ಮಾಡಿ ಹಿಂದಿರುಗಿಸುತ್ತಿದ್ದವು. ಓದಲು ಕ್ಯಾಮೆರಾ ಇದ್ದ ಕನ್ನಡಕ, ಮನೆಯಲ್ಲಿ ಗೋಡೆಯ ಪರದೆ, ಜೇಬಿನಲ್ಲಿ ಫೋನು. ಸಾಧನ ಯಾವುದೇ ಇರಲಿ, ಕೇಳುವುದು ಒಂದೇ ಬಾಗಿಲಲ್ಲಿ. ಒಂದು ಯಂತ್ರ ಇನ್ನೊಂದು ಯಂತ್ರವನ್ನು ಕೇಳಿ ಉತ್ತರ ಪಡೆಯುವ ಇಂಥ ಬಾಗಿಲಿಗೆ ಆ ಕಸುಬಿನವರು ಎಪಿಐ ಎನ್ನುತ್ತಾರೆ. ಬಂದವರು ಯಾರು, ಅವರ ಕೀ ಅಸಲಿಯೋ ಎಂದು ನೋಡಿ ಒಳಗೆ ಬಿಡುವುದು, ಹೊರಡುವ ಪ್ರತಿ ಉತ್ತರಕ್ಕೂ ಕೇಂದ್ರದ ಮುದ್ರೆ ಒತ್ತಿ ಕಳಿಸುವುದು ದಾನೇಶ್ವರಿಯ ಕೆಲಸವಾಗಿತ್ತು. ಮುದ್ರೆ ಸರಿಯಿಲ್ಲದ ಯಾವುದನ್ನೂ ಒಳಗಿವಿ ಮಿದುಳಿಗೆ ದಾಟಿಸುತ್ತಿರಲಿಲ್ಲ.

ಆ ಕೆಲಸಕ್ಕೆ ಅವಳು ಸುಮ್ಮನೆ ಸೇರಿದವಳಲ್ಲ. ಅವಳ ಗಂಡ ರುದ್ರಮುನಿ ಜ್ವರದ ಮೊದಲ ಅಲೆಯಲ್ಲೇ ಮಾತು ಕಳೆದುಕೊಂಡಿದ್ದ. ಮೊದಲ ತಲೆಮಾರಿನ ಒಳಗಿವಿ ಹಾಕಿಸಿಕೊಂಡವರಲ್ಲಿ ಅವನೂ ಒಬ್ಬ. ಮಗಳು ಚಿನ್ಮಯಿ ಹುಟ್ಟಿದ್ದು ಅದಾದ ಮೇಲೆ. ಮಗಳು ಮೊದಲ ಸಲ 'ಅಪ್ಪಾ' ಎಂದದ್ದೂ ಅವನಿಗೆ ತಿಳಿದದ್ದು ಕೇಂದ್ರಕ್ಕೆ ಹೋಗಿ ಬಂದೇ.

ಒಂದು ಬೆಳಿಗ್ಗೆ ದಾನೇಶ್ವರಿ ನಿಯಂತ್ರಣ ಕೊಠಡಿಯ ಪರದೆಯ ಮುಂದೆ ಕುಳಿತವಳು ಚಹಾ ತಣ್ಣಗಾದರೂ ಕುಡಿಯಲಿಲ್ಲ. ಎದ್ದು ಹೋಗಿ ಮುಖ್ಯಸ್ಥ ಸೌದಾಗರರನ್ನು ಕರೆತಂದಳು. ಆತ ನಿವೃತ್ತಿಯ ಅಂಚಿನಲ್ಲಿದ್ದ, ಮೆಲುದನಿಯ ಮನುಷ್ಯ.

"ಸರ್, ಉತ್ತರ ಮುಟ್ಟಿದ ಮ್ಯಾಲೆ ಒಳಗಿವಿ ನಮಗ ರಸೀತಿ ಕಳಸ್ತಾವಲ್ರಿ. ಹಳೇ ಒಳಗಿವಿಗೋಳಿಂದ ರಸೀತಿ ಜಾಸ್ತಿ ಬರಾಕತ್ತಾವ."

"ಜಾಸ್ತಿ ಅಂದ್ರ?"

"ನಾವು ಕಳಿಸಿದ್ದಕ್ಕಿಂತ ಜಾಸ್ತಿ. ನಾವು ಕೊಡದ ಉತ್ತರಕ್ಕೂ 'ಬಂದು ಮುಟ್ಟೇತಿ' ಅನ್ನಾಕತ್ತಾವ."

ಸೌದಾಗರರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂದ್ರ ನಮ್ಮ ಮುದ್ರಿ ಯಾರೋ ಒತ್ತಾಕತ್ತಾರ."

ಹಾಗೇ ಆಗಿತ್ತು. ಮೊದಲ ತಲೆಮಾರಿನ ಒಳಗಿವಿಯಲ್ಲಿ ಮುದ್ರೆಯನ್ನು ಪರೀಕ್ಷಿಸುವ ಬೀಗವನ್ನು ಎಲೆಕ್ಟ್ರಾನಿಕ್ ಚಿಪ್ಪಿನಲ್ಲೇ ಅಚ್ಚು ಹಾಕಿದ್ದರು. ಅಂದಿನ ಕಾಲಕ್ಕೆ ಅದು ಗಟ್ಟಿ ಬೀಗ. ಈಗಿನ ಗಣಕಗಳಿಗೆ ಅದು ಆಟಿಕೆ. ಹೊಸ ಒಳಗಿವಿಗಳ ಬೀಗವನ್ನು ದೂರದಿಂದಲೇ ಬದಲಿಸಬಹುದಿತ್ತು, ಹಳೆಯದನ್ನು ಆಗುತ್ತಿರಲಿಲ್ಲ. ಕಿತ್ತು ಹೊಸದು ಹಾಕೋಣವೆಂದರೆ ಅದರ ತಂತುಗಳು ಮಿದುಳಿನ ಜೊತೆ ಬೆಳೆದುಬಿಟ್ಟಿದ್ದವು. ಹಾಗೆ ಕೀಳಿಸಿಕೊಂಡವರಲ್ಲಿ ಕೆಲವರು ಕುರುಡರಾದರು, ಉಳಿದವರು ಸತ್ತರು. ಆಮೇಲೆ ಯಾವ ವೈದ್ಯರೂ ಅದಕ್ಕೆ ಕೈ ಹಾಕಿರಲಿಲ್ಲ.

ಅಂದು ಸಂಜೆ ದಾನೇಶ್ವರಿ ರೊಟ್ಟಿ ಬಡಿಯುತ್ತಿದ್ದಳು. ಚಿನ್ಮಯಿ ಒಲೆಯ ಕಟ್ಟೆಗೆ ಒರಗಿ ವಿಜ್ಞಾನದ ಪಾಠ ಗಟ್ಟಿಯಾಗಿ ಓದುತ್ತಿದ್ದಳು. ರುದ್ರಮುನಿ ಅಂಗಡಿಯಿಂದ ಬಂದು, ಬೆರಳಿನ ಎಣ್ಣೆಯನ್ನು ಬಟ್ಟೆಗೆ ಉಜ್ಜುತ್ತ ಕೇಳುತ್ತಿದ್ದ. ದುರ್ಗದ ಬೈಲಿನ ಹಿಂದಿನ ಓಣಿಯಲ್ಲಿ ಅವನದು ಹೊಲಿಗೆ ಯಂತ್ರ ರಿಪೇರಿ ಮಾಡುವ ಪುಟ್ಟ ಅಂಗಡಿ. ಜನ ಯಂತ್ರ ತರುತ್ತಿದ್ದದ್ದು ಅರ್ಧ ನೆಪಕ್ಕೆ. ಅವನಷ್ಟು ತಾಳ್ಮೆಯಿಂದ ಇನ್ನೊಬ್ಬರ ಮಾತು ಕೇಳುವವರು ಆ ಓಣಿಯಲ್ಲಿ ಇರಲಿಲ್ಲ. ಒಮ್ಮೆ ಮಾತನ್ನು ಕಳೆದುಕೊಂಡವನಿಗೆ ಯಾರ ಮಾತೂ ಬೇಸರ ತರುತ್ತಿರಲಿಲ್ಲ.

ಅವನು ಇದ್ದಕ್ಕಿದ್ದಂತೆ ನಕ್ಕ. "ಚಿನ್ನೂ, ಅದರಾಗ ಸಬಕಾರ ಯಾಕ ಬಂತು?"

"ಯಾವ ಸಬಕಾರ?"

"ದುಂಬಿ ಹೂವಿನ ಮ್ಯಾಲೆ ಕುಂಡರ್ತೈತಿ, ಆಮ್ಯಾಲೆ ಮೈಗೆ ಹಚ್ಚೂ ಗಂಧದ ಸಬಕಾರ ಕೊಳ್ರಿ ಅಂತೈತಿ ಅಂದೆಲ್ಲ?"

"ನಾ ಎಲ್ಲಿ ಅಂದೆ ಅಪ್ಪಾ! ಪರಾಗ ಒಯ್ಯತೈತಿ ಅಂದೆ."

ತಂದೆ ಮಗಳು ಇಬ್ಬರೂ ಬಿದ್ದು ಬಿದ್ದು ನಕ್ಕರು. ದಾನೇಶ್ವರಿಯ ಕೈ ಹಿಟ್ಟಿನ ಮೇಲೇ ನಿಂತಿತು. ಹೆಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

ಮರುದಿನ ಸೌದಾಗರರು ಬಾಗಿಲು ಹಾಕಿಕೊಂಡು ಮಾತಾಡಿದರು. ಕೇಂದ್ರ ಉತ್ತರ ಕೊಡುವುದನ್ನು ನಿಲ್ಲಿಸಿದರೆ ಸಾಲದು. ಖೊಟ್ಟಿ ಮುದ್ರೆ ಒತ್ತುವವನು ನೇರವಾಗಿ ಕಿವಿಗೇ ಕಳಿಸುತ್ತಾನೆ. ಉಳಿದದ್ದು ಒಂದೇ ದಾರಿ. ಹಳೆಯ ಒಳಗಿವಿಗೆ ಮುಕ್ತಾಯದ ಆಜ್ಞೆ ಎಂಬುದೊಂದು ಇತ್ತು. ಅದು ಹೋದರೆ ಚಿಪ್ಪು ತನ್ನನ್ನು ತಾನೇ ಸುಟ್ಟುಕೊಳ್ಳುತ್ತದೆ. ಆಮೇಲೆ ಅಸಲಿ ಮಾತೂ ಇಲ್ಲ, ಖೊಟ್ಟಿ ಮಾತೂ ಇಲ್ಲ.

"ಸದ್ಯ ಜಾಹೀರಾತು ಹಾಕಾಕತ್ತಾರ. ನಾಳೆ ಏನ ಹಾಕ್ತಾರೋ ಯಾರು ಕಂಡಾರ?" ಎಂದರು. "ಇವತ್ತ ಮುಚ್ಚೋದು ಛಲೋ, ದಾನೇಶ್ವರಿ."

"ಸರ್, ಒಂದು ವಾರ ಕೊಡ್ರಿ. ನಾ ಏನರ ದಾರಿ ಹುಡುಕ್ತೇನಿ."

ಸೌದಾಗರರಿಗೆ ರುದ್ರಮುನಿಯ ವಿಷಯ ಗೊತ್ತಿತ್ತು. ಅವಳ ಮುಖ ನೋಡಿ, "ಆತು" ಎಂದುಬಿಟ್ಟರು.

ಅವಳು ಹುಡುಕಿದಳು. ಖೊಟ್ಟಿ ಉತ್ತರಗಳು ಬರುತ್ತಿದ್ದ ವಿಳಾಸಗಳನ್ನು ಫೋನ್ ಕಂಪನಿಯವರಿಂದ ತಡೆಸಿದಳು. ಅವು ಬೇರೆ ಕಡೆಯಿಂದ ಬಂದವು. ಒಂದು ಕಿವಿಗೆ ಇಷ್ಟು ಹೊತ್ತಿನಲ್ಲಿ ಇಷ್ಟೇ ಉತ್ತರ ಹೋಗಬೇಕೆಂದು ಮಿತಿ ಹಾಕಿಸಿದಳು. ಖೊಟ್ಟಿ ಉತ್ತರ ಮೊದಲು ನುಗ್ಗಿ, ಅಸಲಿ ಮಾತು ಹೊರಗೆ ಉಳಿಯಿತು. ಕಳಿಸುತ್ತಿದ್ದವರು ಯಾರೆಂಬುದು ಕೊನೆಗೂ ಸಿಗಲಿಲ್ಲ. ಬಹುಶಃ ಯಾರೂ ಅಲ್ಲ, ಯಾರೋ ಎಂದೋ ಬಿಟ್ಟುಹೋದ ಒಂದು ಪ್ರೋಗ್ರಾಮು. ಮನುಷ್ಯನ ಮಿದುಳಿಗೆ ಏನು ಹೇಳಿದರೆ ಏನು ಮಾಡುತ್ತಾನೆಂದು ತಾನೇ ಪ್ರಯೋಗ ಮಾಡುತ್ತ ಕಲಿಯುತ್ತಿತ್ತು. ಅದಕ್ಕೆ ಯಾರ ಮೇಲೂ ದ್ವೇಷವಿರಲಿಲ್ಲ. ಅದರೊಡನೆ ಮಾತಾಡಿ ಬಿಡಿಸಿಕೊಳ್ಳುವಂತೆಯೂ ಇರಲಿಲ್ಲ.

ವಾರ ಮುಗಿಯುವ ಮೊದಲೇ ನವಲಗುಂದದ ಕಡೆಯ ಹಳ್ಳಿಯೊಂದರಲ್ಲಿ ಗಿರಿಜವ್ವ ಎಂಬ ನಿವೃತ್ತ ನರ್ಸು ಸತ್ತಳು. ಅವಳ ಮಗ ಫಕೀರಗೌಡ ಕೇಂದ್ರಕ್ಕೆ ಬಂದ. ಜಗಳ ಮಾಡಲು ಬಂದವನಲ್ಲ. ಏನಾಯಿತೆಂದು ತಿಳಿದುಕೊಳ್ಳಲು ಬಂದಿದ್ದ. ಅವನನ್ನು ದಾನೇಶ್ವರಿಯ ಎದುರು ಕೂರಿಸಿದರು.

"ಹಿತ್ತಲದಾಗ ಕರೆಂಟಿನ ವೈರ್ ಹರದು ಬಿದ್ದಿತ್ರಿ ಮೇಡಂ. ಅವ್ವ ಅರಿವಿ ಒಣಹಾಕಾಕ ಹೊಂಟಿದ್ಲು. ಮುಟ್ಟಬ್ಯಾಡ ಬೇ ಅಂತ ನಾ ಒದರಿದೆ." ಅವನು ತನ್ನ ಅಂಗೈ ನೋಡಿಕೊಂಡ. "ಅವ್ವ ತಿರುಗಿ ನನ್ನ ಮಾರಿ ನೋಡಿ 'ಹೂಂ, ಎತ್ತಿ ಕೊಡ್ತೇನಿ ತಡಿ' ಅಂದ್ಲು. ಅಂದು, ಹೋಗಿ ಎತ್ತಿದ್ಲು. ನಾ ಅಂದಿದ್ದು ಅಕಿಗೆ ಏನು ಕೇಳಸ್ತು ಮೇಡಂ?"

ದಾನೇಶ್ವರಿಗೆ ಉತ್ತರ ಗೊತ್ತಿತ್ತು. ಅದನ್ನು ಹೇಳದೆ ಅವನ ಅವ್ವನ ಹೆಸರು, ಊರು ಬರೆದುಕೊಂಡಳು. ತಾನು ವಾರದ ಗಡುವು ಕೇಳಿರದಿದ್ದರೆ ಗಿರಿಜವ್ವನಿಗೆ ಅಂದು ಯಾವ ಮಾತೂ ತಿಳಿಯುತ್ತಿರಲಿಲ್ಲ. ಮಗ ಒದರಿದ ದನಿಗೇ ಬೆಚ್ಚಿ ನಿಲ್ಲುತ್ತಿದ್ದಳು. ಅದನ್ನೂ ಹೇಳಲಿಲ್ಲ. ಮನೆಗೆ ಹೋದ ಮೇಲೆ ಗಂಡನಿಗಾದರೂ ಹೇಳಬೇಕೆಂದುಕೊಂಡಳು. ಅವನು ಕಡಲೆಬೇಳೆಯ ಪಲ್ಯ ಹೊಗಳುತ್ತ ಕುಳಿತಿದ್ದ. ನಿಮ್ಮ ಸಲುವಾಗಿ ಒಬ್ಬರು ಸತ್ತರು ಎಂದು ಹೇಗೆ ಹೇಳುವುದು? ನಾಳೆ ಹೇಳೋಣವೆಂದು ಬಿಟ್ಟಳು.

ಮುಕ್ತಾಯದ ಆಜ್ಞೆಯ ಸುದ್ದಿಯನ್ನು ಎಲ್ಲ ಮನೆಗಳಿಗೂ ತಲುಪಿಸಿದರು. ಜನ ಕೇಂದ್ರದ ಗೇಟಿನ ಹೊರಗೆ ಬಂದು ನಿಂತರು. ಕೆಲವರು ಬೈದರು. ಬಹಳ ಜನ ಸುಮ್ಮನೆ ತಮ್ಮ ತಮ್ಮವರ ಜೊತೆ ಮಾತಾಡುತ್ತಲೇ ನಿಂತಿದ್ದರು: ಮನೆಯ ಮಾತು, ಎಮ್ಮೆಯ ಮಾತು, ಯಾವಾಗಲೋ ಆಗಿದ್ದ ಜಗಳದ ಮಾತು. ಆಜ್ಞೆಯನ್ನು ಸಿದ್ಧಗೊಳಿಸಿದವಳು ದಾನೇಶ್ವರಿಯೇ. ಹಳೆಯ ಒಳಗಿವಿಗಳೆಲ್ಲಕ್ಕೂ ಹೋಗತಕ್ಕ ಆಜ್ಞೆಯಲ್ಲಿ ಒಂದೇ ಒಂದು ಕಿವಿಯನ್ನು ಬಿಡುವಂತೆ ಅವಳು ಒಂದು ಸಾಲು ಸೇರಿಸಿದಳು. ಕೇಂದ್ರದ ಹಳೆಯ ಮುದ್ರೆಯ ಪ್ರತಿಯೊಂದನ್ನು ಚಿಕ್ಕ ಪೆಟ್ಟಿಗೆಯಂಥ ಸಾಧನದಲ್ಲಿ ಹಾಕಿಕೊಂಡು ಮನೆಗೆ ತಂದಳು. ರುದ್ರಮುನಿಯ ಕಿವಿ ಇನ್ನು ಎಲ್ಲಿದ್ದರೂ ಆ ಪೆಟ್ಟಿಗೆಯನ್ನು ಕೇಳುತ್ತದೆ. ಪೆಟ್ಟಿಗೆ ಹೊಸ ಒಳಗಿವಿಗಳಿಗಾಗಿ ತೆರೆದೇ ಇದ್ದ ಬಾಗಿಲಿನಿಂದ ಅರ್ಥ ತರಿಸಿ, ಹಳೆಯ ಮುದ್ರೆ ಒತ್ತಿ ಅವನಿಗೆ ಕೊಡುತ್ತದೆ. ಖೊಟ್ಟಿ ಮಾತನ್ನು ಅದು ತಡೆಯಲಾರದೆಂದು ಅವಳಿಗೆ ತಿಳಿದಿತ್ತು. ಆದರೆ ಹಳೆಯ ಕಿವಿಗಳೆಲ್ಲ ಸುಟ್ಟು ಹೋದ ಮೇಲೆ ಉಳಿದ ಒಂದಕ್ಕಾಗಿ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕವಾಗಿತ್ತು.

ಗಂಡನಿಗೆ ಇಷ್ಟನ್ನು ಹೇಳಿದಳು. ಅವನು ಕೇಳಿದ, "ಉಳಿದವರು?"

"ಉಳಿದವರಿಗೆ ನನ್ನ ಕಡೆ ಏನೂ ಇಲ್ರಿ."

ಅವನು ಪೆಟ್ಟಿಗೆಯನ್ನು ಗೋಡೆಯ ಪರದೆಯ ಹಿಂದೆ ಸರಿಸಿಟ್ಟ. ಬೇಡ ಎನ್ನಲಿಲ್ಲ.

ಆಜ್ಞೆ ಹೋಯಿತು. ಆಮೇಲಿನ ದಿನಗಳಲ್ಲಿ ಅವನು ಹೊರಗೆ ಹೋದರೆ ಏನೂ ತಿಳಿಯದವನಂತೆ ನಟಿಸಬೇಕಾಯಿತು. ಗಿರಾಕಿಗಳು ಸನ್ನೆಯಲ್ಲಿ ತೋರಿಸುತ್ತಿದ್ದರು: ದಾರ ಹರಿಯುತ್ತದೆ, ಸೂಜಿ ಮುರಿಯುತ್ತದೆ. ಅವನು ತಲೆಯಾಡಿಸಿ ಯಂತ್ರ ಬಿಚ್ಚುತ್ತಿದ್ದ. ಇವನಿಗೆ ತಿಳಿಯುವುದಿಲ್ಲವೆಂದ ಮೇಲೆ ಅವರು ಕುಳಿತಲ್ಲೇ ಯಾರಿಗೂ ಹೇಳದ್ದನ್ನು ಹೇಳಿಕೊಳ್ಳತೊಡಗಿದರು. ಮನೆಗೆ ಬಂದು ಅವನು, "ಜನ ನನ್ನ ಮುಂದ ಏನೇನ ಹೇಳ್ತಾರ ದಾನೂ! ಕೇಳಾಕ ಆಗಂಗಿಲ್ಲ. ಗೊತ್ತಾಗಿಲ್ಲ ಅಂತ ಕುಂಡ್ರಾಕೂ ಆಗಂಗಿಲ್ಲ" ಎನ್ನುತ್ತಿದ್ದ. ಏನು ಹೇಳಿದರೆಂದು ಮಾತ್ರ ಬಾಯಿಬಿಡುತ್ತಿರಲಿಲ್ಲ.

ಒಂದಷ್ಟು ಕಾಲ ಹೀಗೆ ಸುಖವಾಗಿಯೇ ಹೋಯಿತು. ಆಮೇಲೆ ಅವನು ಮಂಕಾದ. ಒಂದು ರೊಟ್ಟಿಗೇ ತಟ್ಟೆಯಿಂದ ಏಳುತ್ತಿದ್ದ. ಮಗಳು ಪಾಠ ಓದಲು ಬಂದರೆ ತಲೆನೋವೆಂದು ಹೊರಗೆ ಹೋಗುತ್ತಿದ್ದ. ಅಂಗಡಿಯಲ್ಲಿ ಕೇಳಿದ ದುಃಖವೆಲ್ಲ ಮೈಗೆ ಹತ್ತಿದೆ ಎಂದುಕೊಂಡು ದಾನೇಶ್ವರಿ ಇನ್ನಷ್ಟು ಅಕ್ಕರೆ ಮಾಡಿದಳು, ಬೇಕೆಂದೇ ಹೆಚ್ಚು ಮಾತಾಡಿದಳು. ಅವಳು ಮಾತಾಡಿದಷ್ಟೂ ಅವನು ಕುಗ್ಗಿದ.

ಒಂದು ಮಧ್ಯಾಹ್ನ ಪಕ್ಕದ ಗುಂಡಿ–ಲೇಸಿನ ಅಂಗಡಿಯವನು ಫೋನ್ ಮಾಡಿದ. ರುದ್ರಮುನಿ ಅಂಗಡಿಗೆ ಬೀಗ ಹಾಕಿ, ಚಾವಿಯನ್ನು ಅವನ ಕೈಗೆ ಕೊಟ್ಟು, ಚೀಲ ಹಿಡಿದು ಹೋಗಿದ್ದಾನೆ. ದಾನೇಶ್ವರಿ ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಅವನು ವಿಜಯಪುರದ ಬಸ್ಸು ನಿಲ್ಲುವಲ್ಲಿ ಬೆಂಚಿನ ಮೇಲೆ ಕುಳಿತಿದ್ದ. ಕನ್ನಡಕ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದ.

"ಎಲ್ಲಿಗೆ ಹೊಂಟೀರಿ?"

ಅವನು ಅವಳ ತುಟಿಯನ್ನು ನೋಡಿದ, ಕಣ್ಣನ್ನು ನೋಡಿದ. "ನೀ ಹೇಳಿದ್ದಕ್ಕ ಹೊಂಟೇನಿ."

"ನಾ ಏನು ಹೇಳೇನಿ?"

"ದಿನಾ ಹೇಳ್ತಿ. ಉಣ್ಣಾಕ ನೀಡ್ತಾ ಹೇಳ್ತಿ. ನಿಮ್ಮ ಸಲುವಾಗಿ ನಾ ಕಳವು ಮಾಡಿದೆ, ನೀವು ಇಲ್ಲದಿದ್ರ ನಾವಿಬ್ರೂ ಆರಾಮ ಇರ್ತಿದ್ವಿ ಅಂತಿ. ಚಿನ್ನೂನೂ ಅಂತಾಳ." ಅವನು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡ. "ನಕ್ಕೊಂತ ಅಂತಿ ದಾನೂ. ಸಿಟ್ಟಿಲೆ ಅಂದಿದ್ರ ಇಷ್ಟು ತ್ರಾಸ ಆಗತಿರಲಿಲ್ಲ."

ದಾನೇಶ್ವರಿಗೆ ಈಗ ತಿಳಿಯಿತು. ಇನ್ನೊಂದು ರೊಟ್ಟಿ ಹಾಕಲೇ ಎಂದು ಅವಳು ಕೇಳಿದ್ದಕ್ಕೆಲ್ಲ ಅವನಿಗೆ ಮುಟ್ಟಿದ್ದು ಇದು. ಆ ಪ್ರೋಗ್ರಾಮು ದಣಿದಿರಲಿಲ್ಲ. ಉತ್ತರಿಸುವ ಕಿವಿ ಒಂದೇ ಉಳಿದಾಗ ತನ್ನ ಶಕ್ತಿಯನ್ನೆಲ್ಲ ಆ ಒಂದರ ಮೇಲೆಯೇ ಹಾಕಿತ್ತು.

"ನಾ ಒಂದ್ಸಲನೂ ಹಂಗ ಅಂದಿಲ್ರಿ! ಅದು ನನ್ನ ಮಾತಲ್ಲ. ಚಿನ್ನೂನ ಆಣಿ!" ಅವಳು ಜನರ ಮಧ್ಯೆಯೇ ಅತ್ತಳು.

ಅವನು ಕೈ ಎತ್ತಿ ಅವಳ ಕೆನ್ನೆ ಒರೆಸಿದ. ಅಂದ, "ಈಗ ನೀ ಏನಂದಿ, ಅದು ನೀ ಅಂದಿದ್ದೋ, ಅದು ಅಂದಿದ್ದೋ, ನನಗ ಹೆಂಗ ಗೊತ್ತಾಗಬೇಕು? ನೀ ಅಳೂದು ಕಾಣಸ್ತೈತಿ. ಅಳೂದು ಖರೇ. ಅಷ್ಟ ಸಾಕು ನನಗ." ಆಮೇಲೆ, "ಮುಚ್ಚಿಬಿಡು" ಎಂದ.

ಅವಳು ತಲೆಯಾಡಿಸಿ ಒಲ್ಲೆ ಎಂದಳು. ಅವನು ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೂಂ ಎನ್ನುವಂತೆ ಮೆಲ್ಲಗೆ ಆಡಿಸಿದ.

ರವಿವಾರ ಬೆಳಿಗ್ಗೆ ಮುಚ್ಚಿದರು. ದಾನೇಶ್ವರಿ ಪೆಟ್ಟಿಗೆಯನ್ನು ಅಡುಗೆಮನೆಯ ಮೇಜಿನ ಮೇಲಿಟ್ಟಳು. ರುದ್ರಮುನಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಬಂದು ಕುಳಿತ. "ಚಿನ್ನೂ ಮಾತಾಡ್ಲಿ. ಆಕೀ ಮಾತ ಕಡೀಕ ಬರ್ಲಿ" ಎಂದ.

ಚಿನ್ಮಯಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹಿಂದಿನ ದಿನವೆಲ್ಲ ಏನೇನೋ ಯೋಚಿಸಿಟ್ಟಿದ್ದವಳು ಈಗ ಬಾಗಿಲಿಗೆ ಅಂಟಿ ನಿಂತಳು. ತಾಯಿ ಕಣ್ಣಲ್ಲೇ ಬೇಡಿಕೊಂಡಾಗ, "ಅಪ್ಪಾ, ನಮ್ಮ ಸಾಲ್ಯಾಗ ಹೊಸಾ ಪಿಟಿ ಮೇಡಂ ಬಂದಾರ. ಅವರು ಭಾಳ ಲಗೂ ಲಗೂ ಸೀಟಿ ಊದತಾರ. ನಮಗ ಯಾವ ಕಾಲು ಮುಂದ ಇಡಬೇಕು ಗೊತ್ತ ಆಗಂಗಿಲ್ಲ. ಮೊನ್ನೆ ಎಲ್ಲಾರೂ ಒಬ್ಬರ ಮ್ಯಾಲೆ ಒಬ್ಬರು..." ಎಂದು ಶುರು ಮಾಡಿದಳು.

ಅವನು ನಗುತ್ತ ಕೇಳುತ್ತಿದ್ದ. ಮಗಳ ಮಾತನ್ನೇ ಕೇಳಿ ನಗುತ್ತಿದ್ದನೋ, ಇನ್ನೇನನ್ನೋ ಕೇಳಿ ನಗುತ್ತಿದ್ದನೋ ದಾನೇಶ್ವರಿಗೆ ಯಾವತ್ತಿಗೂ ತಿಳಿಯುವಂತಿರಲಿಲ್ಲ. ಅವಳು ಆಜ್ಞೆ ಕಳಿಸಿದಳು. ಅವನ ಕಣ್ಣು ಒಮ್ಮೆ ಮಿಟುಕಿತು. ಮಗಳು ಮಾತು ನಿಲ್ಲಿಸಲಿಲ್ಲ. ಅವನೂ ತಲೆಯಾಡಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಮಗಳು ಮಾತು ಮುಗಿಸಿ ಸ್ವಲ್ಪ ಹೊತ್ತಾದ ಮೇಲೂ ಅವನ ತಲೆ ಹಾಗೆಯೇ ಆಡುತ್ತಿತ್ತು.

ದಾನೇಶ್ವರಿ ಸೌದಾಗರರಲ್ಲಿಗೆ ಹೋಗಿ ಪೆಟ್ಟಿಗೆಯನ್ನು ಮುಂದಿಟ್ಟು ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ. ಕೆಲಸದಿಂದ ತೆಗೆದರು, ಬೇರೆ ಏನೂ ಮಾಡುವಂತಿರಲಿಲ್ಲ. "ನಾನಾಗಿದ್ರೂ ಹಿಂಗ ಮಾಡ್ತಿದ್ದೆನೋ ಏನೋ. ಆದ್ರ ಅದು ನಿಮಗ ಸಮಾಧಾನ ಅಲ್ಲ, ನನಗೂ ಅಲ್ಲ" ಎಂದರು.

ಮಳೆಗಾಲ ಕಳೆಯುವ ಹೊತ್ತಿಗೆ ರುದ್ರಮುನಿಯ ಮಾತು ಸಡಿಲವಾಗತೊಡಗಿತು. ಮೊದಲು ಹೆಸರುಗಳು ಹೋದವು. ಚಿನ್ಮಯಿಯನ್ನು ಕಿಟಕಿ ಎಂದು ಕರೆದ. ಅವಳು ಮೊದಲು ತಿದ್ದಿದಳು, ಆಮೇಲೆ ಕಿಟಕಿ ಎಂದರೂ ಓಡಿ ಬರುವುದನ್ನು ಕಲಿತಳು. ಆಮೇಲೆ ಒಂದೊಂದು ದಿನಕ್ಕೆ ಒಂದೊಂದು ಹೆಸರು. ಯಾವುದು ತನ್ನದೆಂದು ಅವಳಿಗೂ ತಿಳಿಯದಾಯಿತು.

ಕೈ ಮಾತ್ರ ಏನನ್ನೂ ಮರೆತಿರಲಿಲ್ಲ. ಅಂಗಡಿ ನಡೆಯುತ್ತಿತ್ತು. ಗಿರಾಕಿಗಳು ಮೊದಲಿನಂತೆಯೇ ಬಂದು, ಸ್ಟೂಲಿನ ಮೇಲೆ ಕುಳಿತು, ಮನಸ್ಸಿನದನ್ನೆಲ್ಲ ಹೇಳಿಕೊಂಡು ಹೋಗುತ್ತಿದ್ದರು. ದಾನೇಶ್ವರಿ ಊಟದ ಡಬ್ಬಿ ತಂದಾಗ ಕೆಲವೊಮ್ಮೆ ಹೊರಗೆ ನಿಂತು ಕಾಯಬೇಕಾಗುತ್ತಿತ್ತು.

ಒಂದು ದಿನ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಹಳೆಯ ಕಾಲ್ತುಳಿ ಯಂತ್ರವೊಂದನ್ನು ಬಿಚ್ಚಿ ಹರಡಿಕೊಂಡಿದ್ದ. ಅವಳು ಡಬ್ಬಿಯನ್ನು ಬದಿಗಿಟ್ಟು ಸ್ಟೂಲಿನ ಮೇಲೆ ಕುಳಿತಳು.

"ನವಲಗುಂದದ ಕಡೆ ಗಿರಿಜವ್ವ ಅಂತ ಒಬ್ಬಾಕಿ ಇದ್ಲುರಿ" ಎಂದು ಶುರು ಮಾಡಿದಳು. ವಾರದ ಗಡುವು ಕೇಳಿದ್ದು, ವೈರು, ಅರಿವೆ, ಮಗ ಅಂಗೈ ನೋಡಿಕೊಂಡದ್ದು, ಆ ಸಂಜೆ ಹೇಳಬೇಕೆಂದು ಬಂದು ಹೇಳದೆ ಪಲ್ಯ ಬಡಿಸಿದ್ದು, ಆಮೇಲೆ ಅವನಿಗೆ ತಿಳಿಯುತ್ತಿದ್ದಷ್ಟು ದಿನವೂ ನಾಳೆ ನಾಳೆ ಎಂದು ಬಿಟ್ಟದ್ದು, ಎಲ್ಲವನ್ನೂ ಹೇಳಿದಳು. ಹೇಳುತ್ತ ಅವಳ ದನಿ ಒಡೆಯಿತು, ಮತ್ತೆ ಕೂಡಿತು.

ಅವನು ಉಳಿದ ಗಿರಾಕಿಗಳ ಮಾತಿಗೆ ಹೇಗೋ ಹಾಗೆಯೇ, ಆಗಾಗ ತಲೆಯಾಡಿಸುತ್ತ ಕೇಳಿದ. ನಡುವೆ ಒಮ್ಮೆ ಅವಳ ಕಡೆ ನೋಡಿ, "ಗಡಿಯಾರ ಮೆತ್ತಗೈತಿ, ಸಂತಿ ಬಂತು" ಎಂದ. ಅವಳು ಹೂಂ ಎಂದಳು.

ಅವಳು ಮುಗಿಸುವ ಹೊತ್ತಿಗೆ ಅವನು ಯಂತ್ರವನ್ನು ಜೋಡಿಸಿ ಮುಗಿಸಿದ್ದ. ತುದಿಬೆರಳಿನಿಂದ ಒಂದು ಹನಿ ಎಣ್ಣೆ ಬಿಟ್ಟು, ಚಿಂದಿಯೊಂದನ್ನು ಸೂಜಿಯ ಕೆಳಗಿಟ್ಟು ತುಳಿದ. ಹೊಲಿಗೆ ನೇರವಾಗಿ ಬಂತು. ಆ ಚಿಂದಿಯನ್ನು ಹರಿದು ಅವಳ ಕೈಯಲ್ಲಿಟ್ಟು, ಮುಂದಿನ ಯಂತ್ರವನ್ನು ಎಳೆದುಕೊಂಡ.